ನಲವತ್ತೊಂದನೆಯ ಹಾಡಿನ ಕೊನೆಯ ಸಾಲು

ಫೆಬ್ರವರಿ ೪, ಭಾನುವಾರ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಈಗಷ್ಟೇ ಬಂದೆ. ನನ್ನ ಹಲ್ಲು ಗಟ್ಟಿಯಾಗಿಯೇ ಇವೆ, ಕಡಿಯುವಷ್ಟು. ಸಿಟ್ಟು ಬೇರೆ ಕಾರಣಕ್ಕೆ.

ಮುಂದೆ ಯಾರಾದರೂ ತಿರುಚಿ ಹೇಳಿದರೆ ದಾಖಲೆ ಇರಲಿ ಎಂದು ಎಲ್ಲವನ್ನೂ ಬರೆದಿಡುತ್ತೇನೆ. ಭಾನುವಾರ ರೋಗಿಗಳು ಬರುವುದಿಲ್ಲವಾದ್ದರಿಂದ ಡಾಕ್ಟರ ಹೊರಕೋಣೆಯಲ್ಲಿ ನಮ್ಮ ಓದು ಬಳಗ ಸೇರುತ್ತದೆ. ಗೋಡೆಯ ಮೇಲೆ ಹುಳುಕು ದವಡೆಯ ಬಣ್ಣದ ಚಿತ್ರ, ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಾವು, ನಡುವೆ ಟೀಪಾಯಿಯ ಮೇಲೆ ಸಂತರ ಹಾಡುಗಳ ಗ್ರಂಥ. ಅದಕ್ಕೆ ನಾವು ಹೊರತಂದ ಅರ್ಥದ ಕೈಪಿಡಿ ಈಗ ಮರುಮುದ್ರಣಕ್ಕೆ ಹೊರಟಿದೆ. ಒಂದು ಹಾಡಿಗೆ ಒಂದೇ ಪುಟ, ಇದು ಮೊದಲಿನಿಂದಲೂ ಇರುವ ಲೆಕ್ಕ. ನಲವತ್ತೊಂದನೆಯ ಹಾಡಿನ ಪುಟ ನನ್ನದು. ಪತ್ರಿಕೆಯೊಂದರಲ್ಲಿ ಜೀವಮಾನವೆಲ್ಲ ಕರಡು ತಿದ್ದಿದವನು ನಾನು. ಊರಿನವರೆಲ್ಲ ಬರೆದದ್ದನ್ನು ಸರಿಮಾಡಿದವನು ಸ್ವಂತದ್ದೆಂದು ಅಚ್ಚು ಮಾಡಿಸಿದ್ದು ಆ ಒಂದು ಪುಟ.

ಎಲ್ಲ ಹಾಡಿಗೂ ನಾಲ್ಕು ಸಾಲು. ಇದಕ್ಕೆ ಮಾತ್ರ ಮೂರೇ:

ಹಗ್ಗ ನೀ ತಂದೆಯೋ, ನಾ ತರಬೇಕಿತ್ತೋ,
ಬಾವಿ ನೀ ಕಂಡೆಯೋ, ನಾ ಕಾಣಬೇಕಿತ್ತೋ,
ದಾಹ ನಿನ್ನದೋ, ನನ್ನದೋ?

ಆಮೇಲೆ ಏನೂ ಇಲ್ಲ. ಯಾಕಿಲ್ಲ ಎಂಬುದನ್ನು ಮೊದಲು ಹೇಳಿದವನು ನಾನು. ದಾಹ ಯಾರದೆಂದು ಕೇಳಿದ ಕ್ಷಣದಲ್ಲೇ ಸಂತರ ದಾಹ ತೀರಿತು, ಮಾತು ನಿಂತಿತು. ಮೌನವೇ ನಾಲ್ಕನೆಯ ಸಾಲು. ಬಳಗ ಕಟ್ಟಿದ ಹಿರಿಯರು ಅಂದು ಅದನ್ನು ಕೇಳಿ ನಕ್ಕು, “ಚೆನ್ನಾಗಿದೆ ಕಣಯ್ಯಾ, ನಿಜ ಇದ್ರೂ ಇರಬಹುದು” ಎಂದು ಬೆನ್ನು ತಟ್ಟಿದ್ದರು. ಅಂಥವರ ಬಾಯಿಂದ ಅದಕ್ಕಿಂತ ದೊಡ್ಡ ಒಪ್ಪಿಗೆ ಬೇಕೇ?

ಇಂದು ನಮ್ಮ ಮೇಲಿನ ಮನೆಯ ಬಾಡಿಗೆಯವಳು, ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವಳು, ಬಳಗಕ್ಕೆ ಸೇರಿ ಇನ್ನೂ ವರ್ಷವಾಗದವಳು, ಎದ್ದು ನಿಂತು ಹೇಳಿದಳು: “ಬಹುಶಃ ಕೊನೆಯ ಸಾಲು ಸಂತರದ್ದೇ ಅಲ್ಲವೇನೋ. ಬಹುಶಃ ಎದುರಿಗಿದ್ದವರು ಯಾರೋ ಉತ್ತರವಾಗಿ ಹಾಡ್ತಿದ್ದರೇನೋ. ಬರಕೊಂಡವರು ಸಂತರ ಮಾತು ಮಾತ್ರ ಬರಕೊಂಡಿರಬಹುದು.”

ಆಕೆಗೆ ನಾನಿಟ್ಟ ಹೆಸರೇ ‘ಬಹುಶಃ’. ಆ ಪದವಿಲ್ಲದೆ ಬಾಯಿ ತೆರೆಯುವುದಿಲ್ಲ. ನನ್ನ ಪುಟದಲ್ಲಿ ಹುಡುಕಿದರೂ ಅಂಥದೊಂದು ಪದ ಸಿಗದು.

ಎರಡು ಅರ್ಥಕ್ಕೆ ಜಾಗವಿಲ್ಲ. ಮಾರ್ಚ್ ಮೊದಲ ಭಾನುವಾರ ತೀರ್ಮಾನ. ಅವಳದು ಗೆದ್ದರೆ ನನ್ನ ಪುಟ ಹೋಗುತ್ತದೆ.

ಹಾಗೆಂದು ನೇರವಾಗಿ ಖಂಡಿಸುವಂತಿಲ್ಲ. ಆ ಹಿರಿಯರೇ ಹಾಕಿಟ್ಟ ಕಟ್ಟುಪಾಡು ಒಂದಿದೆ. ಯಾರ ಮಾತನ್ನು ಅಲ್ಲಗಳೆಯಬೇಕೋ ಅವರ ಮಾತನ್ನು ಮೊದಲು ನಾವೇ ಅವರ ಪರವಾಗಿ ಆಡಿ ತೋರಿಸಬೇಕು. “ಹೌದು, ಇದೇ ನನ್ನ ಮಾತು” ಎಂದು ಅವರು ಒಪ್ಪಿದ ಮೇಲೆಯೇ ಖಂಡನೆ. ಒಪ್ಪದಿದ್ದರೆ ಮುಂದಿನ ವಾರ ಮತ್ತೆ ಮೊದಲಿನಿಂದ.

ಅದೇನು ಮಹಾ! ಒಂದು ವಾರ ಸಾಕು.

ಫೆಬ್ರವರಿ ೬, ಮಂಗಳವಾರ

ಟಿವಿಯಲ್ಲಿ ಒಬ್ಬ ಮಹಾನುಭಾವರು ಸಂತರ ಹದಿನೇಳನೆಯ ಹಾಡಿನಲ್ಲಿ ವಿಮಾನದ ಎಂಜಿನ್ನಿನ ವಿವರವಿದೆ ಎಂದು ಸಾಧಿಸಿದರು. ಹತ್ತು ವರ್ಷದ ಹಿಂದೆ ಇದೇ ಮನುಷ್ಯ, ಇದೇ ಮೀಸೆ, ಅದೇ ಹಾಡಿನಲ್ಲಿ ಸಕ್ಕರೆ ಕಾಯಿಲೆಗೆ ಮದ್ದಿದೆ ಎಂದಿದ್ದ. ನನಗೆ ಮರೆತಿಲ್ಲ. ಅವನಿಗಿಂತ ಮುಂಚೆ ಒಬ್ಬ ವಿದ್ವಾಂಸ ಬಂದು ಸಂತರೆಂಬವರು ಇರಲೇ ಇಲ್ಲವೆಂದು ಸಾಧಿಸಿದ. ನಾಲ್ಕು ವರ್ಷ ಬಿಟ್ಟು ಬಂದು, ಇದ್ದರು, ಆದರೆ ಇಬ್ಬರಿದ್ದರು ಎಂದು ಸಾಧಿಸಿದ. ಈಗ ಎಲ್ಲೋ ಫ್ಲ್ಯಾಟು ಮಾರುತ್ತಿದ್ದಾನಂತೆ. ಕೊಂಡವರಿಗೆ ಮನೆ ಇದೆಯೋ ಇಲ್ಲವೋ ದೇವರೇ ಬಲ್ಲ.

ಸಂಪಾದಕರಿಗೆ ಕಾಗದ ಬರೆದೆ. ‘ತಮಗೆ ತೋಚಿದ್ದನ್ನೇ ಸತ್ಯವೆಂದು ಅಚ್ಚೊತ್ತುವ ಇವರಿಗೆ ನಾಚಿಕೆಯಾಗಬೇಕು’ ಎಂದು ಮುಗಿಸಿದೆ. ಹೆಂಡತಿ ಓದಿ, “ಚೆನ್ನಾಗಿದೆ ರೀ. ಕನ್ನಡಿ ಮುಂದೆ ನಿಂತು ಓದಿ, ಇನ್ನೂ ಚೆನ್ನಾಗಿರತ್ತೆ” ಎಂದಳು. ಉಚ್ಚಾರ ಸ್ಪಷ್ಟವಾಗಲಿ ಎಂದಿರಬೇಕು.

ಫೆಬ್ರವರಿ ೧೧, ಭಾನುವಾರ

ಎದ್ದು ನಿಂತು ಹೀಗೆ ಆರಂಭಿಸಿದೆ: “ಈ ತಾಯಿ ಹೇಳುವುದೇನೆಂದರೆ, ಎಲ್ಲೋ, ಯಾರೋ, ಯಾವಾಗಲೋ, ಏನನ್ನೋ ಹಾಡಿದರು. ಅದು ಕಳೆದುಹೋಯಿತು.”

ಕೆಲವರು ನಕ್ಕರು. ಡಾಕ್ಟರು ನಗಲಿಲ್ಲ. “ಏನಮ್ಮ, ಇದೇನಾ ನಿನ್ನ ಮಾತು?” ಎಂದು ಅವಳನ್ನು ಕೇಳಿದರು.

“ಅಲ್ಲ ಡಾಕ್ಟ್ರೇ. ಇದೇ ನನ್ನ ಮಾತಾಗಿದ್ರೆ ನಾನೂ ಸರ್ ಪಕ್ಕದಲ್ಲಿ ಕೂತು ನಗ್ತಿದ್ದೆ.”

ಬಳಗದ ಇನ್ಶೂರೆನ್ಸಿನವರು, ಸದಾ ಕಣ್ಣು ಮುಚ್ಚಿ ಕೇಳುವವರು, ಒಂದು ಕಣ್ಣು ತೆರೆದು ನನ್ನತ್ತ ನೋಡಿದರು. “ಬಿತ್ತು ನೋಡಿ ಒಂದು ವಿಕೆಟ್ಟು” ಎಂದು ಮತ್ತೆ ಮುಚ್ಚಿಕೊಂಡರು.

ದಾರಿಯುದ್ದಕ್ಕೂ ಆಕೆ ನನ್ನ ಜೊತೆಯೇ ನಡೆದು ಬಂದಳು. ಒಂದೇ ಮನೆಗೆ ಹೋಗಬೇಕಾದವರು ಬೇರೆ ಬೇರೆ ರಸ್ತೆ ಹಿಡಿಯುವುದು ಹೇಗೆ? ನಾನು ಬಾಯಿ ಬಿಡಲಿಲ್ಲ. ಗೇಟಿನ ಹತ್ತಿರ, “ಸರ್, ನಿಮ್ಮ ಮೌನ ನನಗೂ ಇಷ್ಟ” ಎಂದಳು. ಕೈಪಿಡಿಯಲ್ಲಿರುವುದೋ, ಆ ಹೊತ್ತಿನದೋ, ತಿಳಿಯಲಿಲ್ಲ.

ಫೆಬ್ರವರಿ ೧೫, ಗುರುವಾರ

ಗ್ರಂಥಾಲಯದಿಂದ ಒಂದು ಹೊರೆ ಪುಸ್ತಕ ತಂದಿದ್ದೇನೆ. ಊಟದ ಮೇಜು ಪೂರ್ತಿ ನನ್ನದು. ಹೆಂಡತಿ ತಟ್ಟೆ ಹಿಡಿದು ನಿಂತೇ ಉಣ್ಣುತ್ತಾಳೆ, ಕಚೇರಿಯಲ್ಲಿ ಕೆಲಸಕ್ಕೆ ಕಾದವಳ ಹಾಗೆ. ಪರವಾಗಿಲ್ಲ, ಇದೊಂದು ವಾರ.

ಬೇರೆ ಬೇರೆ ಕಡೆಯ ಭಕ್ತಿಗೀತೆಗಳಲ್ಲಿ ಒಬ್ಬರು ಕೇಳಿ ಇನ್ನೊಬ್ಬರು ಉತ್ತರಿಸುವ ಪದ್ಧತಿ ಇದ್ದದ್ದು ನಿಜ. ಒಪ್ಪಬೇಕಾದ್ದೇ. ಸಂತರ ಊರಿನ ಬಾವಿಯ ಬಳಿ ಸಂಜೆ ಜನ ಸೇರುತ್ತಿದ್ದರೆಂದು ಅತಿ ಹಳೆಯ ಭಾಷ್ಯದಲ್ಲೇ ಇದೆ. ಇಷ್ಟೊಂದು ಸಾಕ್ಷಿಯನ್ನು ಆಕೆ ತಾನೇ ಹುಡುಕಿಲ್ಲವಲ್ಲ ಎಂದು ಕೋಪ ಬಂತು. ಊಹೆ ಮಾಡುವವರು ಸ್ವಲ್ಪ ಮೈಮುರಿದು ದುಡಿಯಬಾರದೇ? ಅವಳ ಪರವಾಗಿ ನಾನೇ ಕಟ್ಟಡ ಎಬ್ಬಿಸಿ ಕೊಡುತ್ತೇನೆ, ಆಮೇಲೆ ನಾನೇ ಉರುಳಿಸುತ್ತೇನೆ. ಆಗ ನೋಡಬೇಕು ಮಜಾ.

ಫೆಬ್ರವರಿ ೧೮, ಭಾನುವಾರ

ಮತ್ತೆ ಸೋತೆ. ನಂಬಲಾಗುತ್ತಿಲ್ಲ.

ಮುಕ್ಕಾಲು ಗಂಟೆ ಮಾತಾಡಿದೆ. ಭಾಷ್ಯ, ಪಾಠಾಂತರ, ಪದ್ಧತಿ, ಒಂದನ್ನೂ ಬಿಡಲಿಲ್ಲ. “ಹೀಗಾಗಿ ನಾಲ್ಕನೆಯ ಸಾಲನ್ನು ಬಾವಿಗೆ ಬಂದ ಹೆಂಗಸೊಬ್ಬಳು ಹಾಡುತ್ತಿದ್ದಳು ಎಂಬುದು ನಿಸ್ಸಂದೇಹವಾಗಿ ಸಾಬೀತಾಗಿದೆ” ಎಂದು ಕೂತೆ. ಚಪ್ಪಾಳೆ ಬಿತ್ತು. ಇನ್ಶೂರೆನ್ಸಿನವರ ಎರಡೂ ಕಣ್ಣು ತೆರೆದಿದ್ದವು.

ಆಕೆ ಗಲ್ಲಕ್ಕೆ ಕೈಯಿಟ್ಟುಕೊಂಡು, “ಇದು ನನ್ನ ಮಾತಲ್ಲ” ಎಂದಳು.

“ಯಾಕಮ್ಮಾ?” ನನ್ನ ಧ್ವನಿ ಏರಿತು. “ನಿನಗಿಂತ ನಾಲ್ಕು ಪಟ್ಟು ಸಾಕ್ಷಿ ಕೊಟ್ಟಿದ್ದೀನಲ್ಲ!”

“ಅದಕ್ಕೇ ಸರ್. ಸಾಬೀತಾಗಿದೆ ಅಂತ ನಾನು ಹೇಳೇ ಇಲ್ಲ. ನನ್ನ ಊಹೆ ಮೇಲೆ ನನಗೇ ಅಷ್ಟು ನಂಬಿಕೆ ಇಲ್ಲ. ನೀವು ಅದಕ್ಕೆ ಪೇಟ ಕಟ್ಟಿ, ಕುದುರೆ ಹತ್ತಿಸಿಬಿಟ್ರಿ. ಅದು ಪಾಪ ನಡ್ಕೊಂಡು ಬರ್ತಿತ್ತು.”

ಎಲ್ಲರೂ ಗೊಳ್ಳೆಂದರು. ಡಾಕ್ಟರು ನಗು ತಡೆಯಲಾರದೆ ದವಡೆಯ ಚಿತ್ರದತ್ತ ತಿರುಗಿ ನಿಂತರು.

ಇದೆಂಥ ನ್ಯಾಯ? ಕಡಿಮೆ ಹೇಳಿದರೂ ತಪ್ಪು, ಹೆಚ್ಚು ಹೇಳಿದರೂ ತಪ್ಪು. ನಂಬಿಕೆ ಇಲ್ಲದಿದ್ದರೆ ಹೇಳುವುದೇಕೆ? ಹೇಳಿದ ಮೇಲೆ ನಂಬದಿರುವುದೇಕೆ? ನಾನು ಕೆಲಸ ಮಾಡಿದ ಪತ್ರಿಕೆಯಲ್ಲಿ ‘ಇರಬಹುದೇನೋ’ ಎಂದು ಸುದ್ದಿ ಬರೆದವನ ಕರಡನ್ನು ನಾನು ಅವನ ಮೇಜಿಗೇ ಎಸೆಯುತ್ತಿದ್ದೆ. ಇದ್ದರೆ ಬರಿ, ಇಲ್ಲದಿದ್ದರೆ ಬಿಡು ಎನ್ನುತ್ತಿದ್ದೆ. ಮಧ್ಯದಲ್ಲಿ ನೇತಾಡುವ ವಾಕ್ಯ ನೋಡಿದರೆ ಇಂದಿಗೂ ಮೈ ಉರಿಯುತ್ತದೆ.

ಊಟ ಬೇಡವೆಂದೆ. ಆಮೇಲೆ ಉಂಡೆ.

ಫೆಬ್ರವರಿ ೧೯, ಸೋಮವಾರ

ಮಾತಿಲ್ಲ, ಕತೆಯಿಲ್ಲ.

ಫೆಬ್ರವರಿ ೨೨, ಗುರುವಾರ

ಇಂದು ನಡೆದದ್ದನ್ನು ವಿವರವಾಗಿ ಬರೆಯಬೇಕು.

ಬೆಳಿಗ್ಗೆ ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದೆ. ಹೆಂಡತಿ ಅಡುಗೆಮನೆಯಲ್ಲಿ ತನ್ನ ತಂಗಿಯ ಜೊತೆ ಫೋನಿನಲ್ಲಿದ್ದಳು. ನನಗೆ ಕೇಳುತ್ತಿದ್ದದ್ದು ಇವಳ ಮಾತು ಮಾತ್ರ.

“ಅಯ್ಯೋ! ಯಾವಾಗಿಂದ? ... ರಾತ್ರಿಯೆಲ್ಲಾ ಗೊರಗೊರ ಅಂತಿತ್ತಾ? ... ಬೆಳಿಗ್ಗೆ ನೋಡಿದ್ರೆ ನಿಂತೇ ಹೋಗಿತ್ತಾ? ... ಹೋಗ್ಲಿ ಬಿಡು, ಎಷ್ಟು ವರ್ಷ ಅಂತ ಬಾಳತ್ತೆ ... ಅಳಬೇಡ್ವೇ ... ಹೂಂ, ಇನ್ನು ಮನೇಲಿ ಇಟ್ಕೊಂಡು ಏನ್ ಮಾಡ್ತೀಯ, ವಾಸನೆ ಬರತ್ತೆ. ಬೇಗ ತೆಗೆಸಿಬಿಡು.”

ನನ್ನ ಕೈಯಿಂದ ರೇಜರು ಜಾರಿತು. ಷಡ್ಡಕ ಹೋಗಿಬಿಟ್ಟ! ಗೊರಕೆ ಅವನದು ಹೆಸರುವಾಸಿ. ಹೃದಯವೂ ಗಟ್ಟಿಯಿರಲಿಲ್ಲ. ಒಂದು ಕೆನ್ನೆಗೆ ನೊರೆ ಇರುವಂತೆಯೇ ಕೂತು ಮೂರು ನಿಮಿಷ ಮರುಗಿದೆ. ಚೆಸ್ಸಿನಲ್ಲಿ ಮೋಸ ಮಾಡುತ್ತಿದ್ದ, ಆದರೂ ಒಳ್ಳೆಯವನು. ಬಟ್ಟೆ ಬದಲಿಸಿ, ಬ್ಯಾಗಿಗೆ ಎರಡು ಶರ್ಟು ತುಂಬಿ, ಅವನ ಮಗನಿಗೆ ಫೋನು ಮಾಡಿದೆ. “ಧೈರ್ಯ ತಗೋ ಮಗೂ, ನಾನಿದ್ದೀನಿ” ಎಂದೆ. ಆ ಕಡೆಯಿಂದ ಫೋನು ತೆಗೆದುಕೊಂಡದ್ದು ಷಡ್ಡಕನೇ.

“ಧೈರ್ಯ ಯಾಕೋ ಮಾರಾಯ? ಹೊಸದು ಸಂಜೆ ಬರತ್ತೆ” ಎಂದ.

ಸತ್ತದ್ದು ಫ್ರಿಜ್ಜು.

ಹೆಂಡತಿ ನೆಲದ ಮೇಲೆ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. “ಅಲ್ಲಾ ರೀ, ಒಂದು ಮಾತು ನನ್ನ ಕೇಳಬಾರ್ದಿತ್ತಾ?”

“ಕೇಳೋದೇನು ಬಂತು, ಅಷ್ಟು ಸ್ಪಷ್ಟವಾಗಿತ್ತು!”

“ನಿಮಗೆ ಕೇಳ್ಸಿದ್ದು ಅರ್ಧ. ಆ ಕಡೆ ಅರ್ಧ ನೀವೇ ಸೇರಿಸಿಕೊಂಡ್ರಿ.”

ಅವಳು ಹಾಗೆಂದ ತಕ್ಷಣ ನನ್ನ ತಲೆಯಲ್ಲಿ ದೀಪ ಹತ್ತಿತು. ಹಾಡು ಬರಕೊಂಡವರು ಕ್ಷೌರ ಮಾಡಿಕೊಳ್ಳುತ್ತಿದ್ದವರು! ಅಂದರೆ, ಒಂದು ಕಡೆಯ ಮಾತು ಮಾತ್ರ ಕಿವಿಗೆ ಬಿದ್ದವರು. ಅವರಿಗೆ ಬೇಕಾದದ್ದು ಸಂತರ ಮಾತು. ಆ ಕಡೆಯದ್ದು ಕೇಳಿಸಿದರೂ ಕೈ ಬರೆಯಲಿಲ್ಲ. ಖಾಲಿ ಜಾಗ ಇರುವುದು ಆ ಕಡೆಯವರ ಪಾಲು. ಈ ಹಾಡಿನ ಮೂರು ಸಾಲೂ ಯಾರನ್ನೋ ಕೇಳುವ ಪ್ರಶ್ನೆಯೇ ಅಲ್ಲವೇ? ಇಷ್ಟು ವರ್ಷ ಆ ‘ನೀನು’ ದೇವರೆಂದೇ ಓದಿದೆ. ಹಗ್ಗ ತಂದ ಯಾವ ಮನುಷ್ಯರೂ ಆಗಿರಬಹುದು.

ಮೇಲಿನ ಮನೆಯ ಹುಡುಗಿಯ ಊಹೆಗೆ ಇದಕ್ಕಿಂತ ಒಳ್ಳೆಯ ಕಾರಣ ಅವಳೇ ಕೊಟ್ಟಿಲ್ಲ. ಖುಷಿಯಿಂದ ಮಹಡಿ ಮೆಟ್ಟಿಲನ್ನು ಅರ್ಧ ಹತ್ತಿದವನು, ಎದುರಾಳಿಗೆ ಮುಂಚೆಯೇ ಹೇಳುವುದು ಸರಿಯಲ್ಲವೆಂದು ಇಳಿದೆ. ಒಂದು ಕೆನ್ನೆ ಕ್ಷೌರವಾಗದೇ ಉಳಿದಿತ್ತೆಂದು ಸಂಜೆ ಅಂಗಡಿಯವನು ಹೇಳಿದಾಗ ತಿಳಿಯಿತು.

ಫೆಬ್ರವರಿ ೨೫, ಭಾನುವಾರ

ಡಾಕ್ಟರಿಗೆ ಜ್ವರ. ಸಭೆ ಇಲ್ಲ. ಇದು ಅನ್ಯಾಯ. ತಯಾರಾಗಿ ಕುಳಿತವನ ಗತಿ ಏನು?

ಎದುರುಮನೆಯ ಮುದುಕ ನನ್ನ ಪೇಪರು ಕದಿಯುತ್ತಾನೆಂದು ಬಹಳ ದಿನದಿಂದ ಗೊತ್ತು. ಇಂದೂ ಪೇಪರು ಬಾಗಿಲಲ್ಲಿರಲಿಲ್ಲ. ಜಗಳಕ್ಕೆಂದು ಹೊರಟೆ. ದಾರಿಯಲ್ಲಿ, ಗಾಳಿಗೆ ಹಾರಿರಲೂಬಹುದು ಅನ್ನಿಸಿತು. ಗಾಳಿ ಅಷ್ಟೇನೂ ಇರಲಿಲ್ಲ. ಆದರೂ. ಸುಮ್ಮನೆ ಅವನ ಜೊತೆ ಕೂತು ಬಂದೆ. ಅವನಿಗೂ ಪೇಪರು ಬಂದಿರಲಿಲ್ಲವಂತೆ. ಇಬ್ಬರೂ ಸೇರಿ ಹಂಚುವವನನ್ನು ಬೈದೆವು. ಅವನಿಗೂ ಏನೋ ಕಾರಣವಿರಬಹುದು.

ಮಾರ್ಚ್ ೩, ಭಾನುವಾರ

ತೀರ್ಮಾನದ ದಿನ. ಒಂದನ್ನೂ ಬಿಡದೆ ಎಲ್ಲ ಬರೆಯುತ್ತೇನೆ.

ಚೀಟಿ ಇಲ್ಲದೆ ಮಾತಾಡಿದೆ. ಫೋನಿನ ಕತೆಯಿಂದಲೇ ಆರಂಭಿಸಿದೆ, ಷಡ್ಡಕನ ಗೊರಕೆ ಸಮೇತ. ಕೋಣೆ ನಕ್ಕು ನಕ್ಕು ಸುಸ್ತಾಯಿತು. ಆಮೇಲೆ ಹಾಡು ಓದಿ ಹೇಳಿದೆ: “ಸಂಜೆ ಹೊತ್ತು, ಬಾವಿಕಟ್ಟೆ. ಒಬ್ಬರು ಕೇಳುತ್ತಾರೆ, ಒಬ್ಬರು ಉತ್ತರಿಸುತ್ತಾರೆ. ದಾಹ ಯಾರದೆಂದು ಕೇಳಿದ್ದಕ್ಕೆ ಅವರು ಏನಂದರೋ. ಬರೆದುಕೊಳ್ಳಲು ಬಂದವರು ದೊಡ್ಡವರ ಮಾತಿಗೆ ಬಂದವರು, ನೀರಿಗೆ ಬಂದವರ ಮಾತಿಗಲ್ಲ. ಹೀಗೂ ಆಗಿರಬಹುದು. ಆಗದೆಯೂ ಇರಬಹುದು. ಆದರೆ ಆ ಇನ್ನೊಬ್ಬರು ಇದ್ದಿದ್ದರೆ ಅವರನ್ನು ಇಷ್ಟು ದಿನ ನಾವು ಒಮ್ಮೆಯೂ ನೆನೆಯಲಿಲ್ಲ ಎಂಬುದಷ್ಟೇ ನನಗೆ ಕಿರಿಕಿರಿ.”

ಹುಡುಗಿ ಕನ್ನಡಕ ತೆಗೆದು ಒರೆಸಿಕೊಂಡಳು. “ಹೌದು, ಇದೇ ನನ್ನ ಮಾತು” ಎಂದಳು. “ನನಗೆ ಹೀಗೆ ಹೇಳೋಕೆ ಬಂದಿರಲಿಲ್ಲ.”

“ಸರಿ, ಇನ್ನು ಖಂಡನೆ” ಎಂದರು ಡಾಕ್ಟರು.

ಜೇಬಿನಿಂದ ಆಕ್ಷೇಪಗಳ ಚೀಟಿ ತೆಗೆದೆ. ಮೊದಲನೆಯದು, ಎರಡನೆಯ ಧ್ವನಿಯ ಬಗ್ಗೆ ಯಾವ ಪ್ರತಿಯಲ್ಲೂ ಒಂದಕ್ಷರವಿಲ್ಲ. ಓದಿದೆ. “ಆದರೆ ಬರೆಯಲಿಲ್ಲ ಎಂಬುದೇ ಅವಳ ಮಾತಲ್ಲವೇ, ಇದು ಹೇಗೆ ಆಕ್ಷೇಪವಾದೀತು?” ಎಂದು ನಾನೇ ಅಂದೆ. ಎರಡನೆಯದು ಓದಿದೆ. ಅದಕ್ಕೂ ಒಂದು ಉತ್ತರ ಹೊಳೆಯಿತು, ಹೇಳಿದೆ.

“ಸ್ವಾಮೀ, ತಾವು ಯಾವ ಪಾರ್ಟಿ?” ಎಂದರು ಇನ್ಶೂರೆನ್ಸಿನವರು.

ಮೂರನೆಯ ಆಕ್ಷೇಪ ಗಟ್ಟಿಯಿತ್ತು: ಒಂದೇ ಹಾಡಿಗೆ ಮಾತ್ರ ಉತ್ತರವಿದ್ದು ಉಳಿದ ಯಾವುದಕ್ಕೂ ಯಾಕಿಲ್ಲ? ಹುಡುಗಿ, “ಗೊತ್ತಿಲ್ಲ ಸರ್. ಅದು ನನಗೂ ಚುಚ್ಚುತ್ತೆ” ಎಂದಳು. ಅಷ್ಟು ಸಲೀಸಾಗಿ ಒಪ್ಪಿದರೆ ಗೆದ್ದವನಿಗೆ ಏನು ಸುಖ?

ಇನ್ನು ಅವಳ ಸರದಿ. ನನ್ನ ಪುಟವನ್ನು ಅವಳು ನನ್ನ ಪರವಾಗಿ ಆಡಬೇಕು. ಎದ್ದು ನಿಂತು, ಕೈಪಿಡಿ ನೋಡದೆಯೇ, ಅಕ್ಷರ ಬಿಡದೆ ಹೇಳಿದಳು. ಎಷ್ಟು ಸಲ ಓದಿದ್ದಳೋ! “ದಾಹ ತೀರಿದವರಿಗೆ ಮಾತಿನ ಹಂಗಿಲ್ಲ. ಸಂತರು ಇಲ್ಲಿ ಮೌನಕ್ಕೆ ಸಂದರು. ಮೌನವೇ ನಾಲ್ಕನೆಯ ಸಾಲು. ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ.”

ಎಲ್ಲರೂ ನನ್ನತ್ತ ನೋಡಿದರು. ಹೌದು ಎನ್ನಬೇಕಿತ್ತು. ಎದ್ದು ನಿಂತೆ.

“ಇದು ನನ್ನ ಮಾತಲ್ಲ” ಎಂದೆ.

“ಏನು!” ಡಾಕ್ಟರು ಕೈಪಿಡಿ ತೆರೆದರು. “ಚಾಚೂ ತಪ್ಪದೆ ಹೇಳಿದ್ದಾಳಲ್ರೀ. ಇಲ್ಲೇ ಇದೆ, ಸಂಶಯಕ್ಕೆ ಎಡೆಯಿಲ್ಲ.”

“ಅದು ಅಚ್ಚಿನಲ್ಲಿ ಬಂದದ್ದು. ನಾನು ಹೇಳಿದ್ದು, ಸಂತರು ಮೌನಕ್ಕೆ ಸಂದಿರಬಹುದು ಅಂತ. ಮೊದಲಿನಿಂದಲೂ ನನ್ನ ನಿಲುವು ಅದೇ. ನನ್ನ ಜ್ಞಾಪಕ ಶಕ್ತಿ ನಿಮಗೆಲ್ಲ ಗೊತ್ತಿದೆ.”

ಆಮೇಲೆ ಆ ಹೊರಕೋಣೆಯಲ್ಲಿ ಎದ್ದ ನಗು ಹಲ್ಲು ಕೀಳಿಸಿಕೊಂಡವರೂ ನಕ್ಕಂತಿತ್ತು. ಇನ್ಶೂರೆನ್ಸಿನವರು ಕುರ್ಚಿಯಿಂದ ಜಾರಿ ಕೆಳಗೆ ಕೂತರು. ಏನು ತಮಾಷೆಯೋ ನನಗಂತೂ ತಿಳಿಯಲಿಲ್ಲ. ಅಚ್ಚಿನ ಮನೆಯವರ ಅಜಾಗರೂಕತೆಯ ಬಗ್ಗೆ ಒಂದೆರಡು ಮಾತು ಹೇಳಲು ಹೋದೆ, ಯಾರೂ ಕೇಳಿಸಿಕೊಳ್ಳಲಿಲ್ಲ.

ನಗದೆ ನಿಂತಿದ್ದವಳು ಹುಡುಗಿ ಒಬ್ಬಳೇ. “ಹಾಗಾದ್ರೆ ಇನ್ನೊಂದ್ಸಲ ಹೇಳ್ತೀನಿ ಸರ್” ಎಂದಳು. ಮೆಲ್ಲಗೆ, ಹಾಡಿನ ಮೂರು ಸಾಲು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದಾದ ಮೇಲೆ ಬಹುಶಃ ಅವರಿಗೆ ಏನೂ ಹೇಳೋದು ಬೇಕಾಗಿರಲಿಲ್ಲ” ಎಂದಳು.

ನನ್ನ ಮಾತು ಅಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ. “ಹೌದು” ಎಂದೆ. “ಇದೇ ನನ್ನ ಮಾತು.”

ತೀರ್ಮಾನ: ಪುಟ ಒಂದೇ, ಊಹೆ ಎರಡು. ತಲಾ ಅರ್ಧ. ನನ್ನದನ್ನು ಅರ್ಧಕ್ಕೆ ಇಳಿಸಬೇಕು. ಯೋಚಿಸಿದರೆ ಆ ಪುಟದಲ್ಲಿ ವಿಶೇಷಣಗಳೇ ಜಾಸ್ತಿ. ಕೆಳಗೆ ಎರಡು ಬೆರಳಿನಷ್ಟು ಜಾಗ ಖಾಲಿ ಬಿಡೋಣ, ಮೂರನೆಯದು ಯಾರಿಗಾದರೂ ಹೊಳೆದರೆ ಬರಕೊಳ್ಳಲಿ ಎಂದರು ಇನ್ಶೂರೆನ್ಸಿನವರು. ಖಾಲಿ ಜಾಗ ಕಂಡರೆ ಕರಡು ತಿದ್ದುವವನ ಪ್ರಾಣ ಹೋಗುತ್ತದೆ. ಆದರೂ ಕೈಯೆತ್ತಿದೆ.

ಮಾರ್ಚ್ ೯, ಶನಿವಾರ

ಇಂದಿನ ಪೀಳಿಗೆಯವರಿಗೆ ಹಟವೆಂಬುದೇ ಇಲ್ಲ!

ಸಂಜೆ ಹುಡುಗಿ ಕೆಳಗೆ ಬಂದು, “ಸರ್, ಆ ಮೂರನೆಯ ಆಕ್ಷೇಪ ಇದೆಯಲ್ಲ, ಯೋಚನೆ ಮಾಡ್ತಾ ಮಾಡ್ತಾ ನನ್ನ ಊಹೆ ನಿಲ್ಲಲ್ಲ ಅನ್ನಿಸ್ತಿದೆ. ನನ್ನ ಅರ್ಧ ತೆಗೆದುಬಿಡೋಣವಾ?” ಎಂದಳು. ತೆಗೆದುಬಿಡುವುದಂತೆ! ಆ ಬಾವಿಕಟ್ಟೆಯ ಹೆಂಗಸಿನ ಗತಿ ಏನು? ಈಗಷ್ಟೇ ಅವಳಿಗೆ ಕೂರಲು ಅರ್ಧ ಪುಟ ಸಿಕ್ಕಿದೆ.

“ನಿನ್ನ ಊಹೆಯನ್ನ ನೀನು ಬೇಕಾದ್ರೆ ಬಿಡು, ನಾನು ಬಿಡಲ್ಲ” ಎಂದೆ. ಒಂದು ಗಂಟೆ ವಾದಿಸಿದೆವು, ಅವಳು ನನ್ನ ಮೌನದ ಪರ, ನಾನು ಅವಳ ಹೆಂಗಸಿನ ಪರ. ಹೆಂಡತಿ ಬಾಗಿಲಲ್ಲಿ ನಿಂತು, “ಮೇಜು ಖಾಲಿ ಮಾಡಿದ್ರೆ ಮೂರು ಜನಾನೂ ಕೂತು ಉಣ್ಣಬಹುದು” ಎಂದಳು. ಖಾಲಿ ಮಾಡಿದೆವು. ಉಣ್ಣುವಾಗಲೂ ವಾದ ನಿಲ್ಲಲಿಲ್ಲ. ಹೆಂಡತಿಗೆ ಬೇರೆಯೇ ಒಂದು ಊಹೆಯಿದೆಯಂತೆ, ಬಹಳ ವರ್ಷಗಳಿಂದ. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದೆ.

“ನೀವು ಕೇಳಿದ್ದು ಇವತ್ತೇ ಅಲ್ವಾ?” ಎಂದಳು.

ಲೋಟಗಳಿಗೆ ನೀರು ತುಂಬಿಸಿಕೊಂಡು ಕೂತೆವು, ಹೇಳು ಎಂದೆವು.